ಸಿಡುಬಿನ ಖರ್ಚು, ಉಪ್ಪಿಟ್ಟಿನ ಗೋಧಿ

ಅರವತ್ತು ದಾಟಿದವರ ತೋಳು ನೋಡಿ. ಕಾಸಿನಗಲದ ಕಲೆ ಇದ್ದೀತು. ಬಿಸಿಜಿ ಚುಚ್ಚುಮದ್ದಿನದಲ್ಲ, ಸಿಡುಬಿಗೆ ದಾಕು ಹಾಕಿಸಿದ್ದರ ಗುರುತು. ಮೊಮ್ಮಕ್ಕಳ ತೋಳಿನಲ್ಲಿ ಅದಿಲ್ಲ. ಆ ಕಲೆ ಅಳಿಸಲು ಹಣ ಕೊಟ್ಟ ದೇಶಗಳು ಹಲವು, ಕೊಟ್ಟ ಮೇಲೆ ತಮ್ಮ ಮನೆಯ ಖರ್ಚನ್ನೇ ಇಳಿಸಿಕೊಂಡವೂ ಅವೇ.

ತಪ್ಪು ಕಲ್ಪನೆ: ಹೊರದೇಶದವರಿಗೆ ಕೊಟ್ಟ ಹಣ ಹೋದ ಹಾಗೇ, ಕೊಟ್ಟವರಿಗೆ ಉಳಿಯುವುದು ಪುಣ್ಯವೊಂದೇ.

ಸತ್ಯ: ಅಮೆರಿಕದಲ್ಲಿ ಸಿಡುಬು ಕೊನೆಯದಾಗಿ ಕಾಣಿಸಿಕೊಂಡದ್ದು 1949ರಲ್ಲಿ. ಆದರೂ 1968ರ ಒಂದೇ ವರ್ಷ ಅಲ್ಲಿ ಸುಮಾರು 1.4 ಕೋಟಿ ಜನ ಲಸಿಕೆ ಹಾಕಿಸಿಕೊಂಡರು, ಅದರ ಅಡ್ಡಪರಿಣಾಮದಿಂದಲೇ ಒಂಬತ್ತು ಮಂದಿ ಸತ್ತರು. ಊರಲ್ಲಿಲ್ಲದ ಬೇನೆಗೆ ಇಷ್ಟು ಕಷ್ಟವೇಕೆ? ಬೇನೆ ಬೇರೆಲ್ಲೋ ಇದೆ, ವಿಮಾನದಲ್ಲಿ ಬಂದಿಳಿಯಬಹುದು ಎಂಬ ಭಯಕ್ಕೆ. ಲಸಿಕೆ, ಬಂದರು ತಪಾಸಣೆ, ಜನ ಕಳೆದುಕೊಂಡ ಕೆಲಸದ ಹೊತ್ತು ಎಲ್ಲ ಸೇರಿ ಆ ವರ್ಷದ ಬಾಬತ್ತು ಸುಮಾರು 15 ಕೋಟಿ ಡಾಲರ್. ವಿಶ್ವ ಆರೋಗ್ಯ ಸಂಸ್ಥೆ 1967ರಲ್ಲಿ ಚುರುಕುಗೊಳಿಸಿದ ಸಿಡುಬು ನಿರ್ಮೂಲನಾ ಕಾರ್ಯಕ್ರಮಕ್ಕೆ 1979ರವರೆಗೆ ಬಂದ ಅಂತರರಾಷ್ಟ್ರೀಯ ನೆರವಾದರೋ ಒಟ್ಟು ಸುಮಾರು 9.8 ಕೋಟಿ ಡಾಲರ್. ದಾನಿಗಳೆಲ್ಲ ಸೇರಿ ಹದಿಮೂರು ವರ್ಷ ಕೊಟ್ಟದ್ದು, ಒಂದು ದೇಶ ಒಂದು ವರ್ಷ ತನ್ನ ಬಾಗಿಲು ಕಾಯಲು ಸುರಿದದ್ದಕ್ಕಿಂತ ಕಡಿಮೆ! 1972ರಲ್ಲಿ ಅಮೆರಿಕ ಮಕ್ಕಳಿಗೆ ಈ ಲಸಿಕೆ ಹಾಕುವುದನ್ನೇ ನಿಲ್ಲಿಸಿತು.

ಭಯವೇನೂ ಹುಸಿಯಾಗಿರಲಿಲ್ಲ. 1959ರ ಕೊನೆಗೆ ಭಾರತ ಸುತ್ತಿ ಮಾಸ್ಕೋಗೆ ಮರಳಿದ ಒಬ್ಬ ಚಿತ್ರಕಾರ ಸಿಡುಬು ಹೊತ್ತು ಹೋಗಿದ್ದ. ಅವನು ತೀರಿಕೊಂಡ, ಸೋಂಕು ಹಲವರಿಗೆ ಹರಡಿತು, ಇಡೀ ನಗರಕ್ಕೆ ಲಸಿಕೆ ಹಾಕಬೇಕಾಯಿತು. ಸಿಡುಬನ್ನು ಜಗತ್ತಿನಿಂದಲೇ ತೊಲಗಿಸೋಣವೆಂದು 1958ರಲ್ಲಿ ಪ್ರಸ್ತಾವ ಮಂಡಿಸಿದ್ದು ಸೋವಿಯತ್ ಒಕ್ಕೂಟವೇ. ಮುಂದೆ ನೂರು ಕೋಟಿಗೂ ಮಿಕ್ಕಿ ಡೋಸು ಲಸಿಕೆಯನ್ನು ಅದು ಬಿಟ್ಟಿಯಾಗಿ ಕೊಟ್ಟಿತು. ಭಾರತಕ್ಕೂ ಅದರಲ್ಲಿ ದೊಡ್ಡ ಪಾಲು ಬಂತು. 1972ರಲ್ಲಿ ಯುಗೊಸ್ಲಾವಿಯದ ಯಾತ್ರಿಕನೊಬ್ಬ ಇರಾಕಿನಿಂದ ಸೋಂಕು ತಂದ. 175 ಜನ ಮಲಗಿದರು, 35 ಜನ ಸತ್ತರು, ಸುಮಾರು 1.8 ಕೋಟಿ ಜನ ತೋಳು ಚಾಚಬೇಕಾಯಿತು. ನೆರೆಮನೆಗೆ ಹತ್ತಿದ ಬೆಂಕಿಗೆ ಕೊಡ ನೀರು ಕೊಡುವವನು ತನ್ನ ಸೂರನ್ನೂ ನೆನೆದಿರುತ್ತಾನೆ. ಅದನ್ನು ಸ್ವಾರ್ಥವೆಂದು ಜರೆಯಲು ನನಗಂತೂ ಮನಸ್ಸಿಲ್ಲ.

ತಪ್ಪು ಕಲ್ಪನೆ: ಕೊಟ್ಟವರು ಶ್ರೀಮಂತರು, ನಾವು ಕೈಯೊಡ್ಡಿದವರು ಮಾತ್ರ.

ಸತ್ಯ: ಸಿಡುಬು ನಿರ್ಮೂಲನೆಯ ಒಟ್ಟು ಖರ್ಚಿನ ಮೂರರಲ್ಲಿ ಎರಡು ಪಾಲು ಹಾಕಿದ್ದು ರೋಗವಿದ್ದ ದೇಶಗಳೇ. ಬಿಸಿಲಿಗೆ ಕೆಡದ ಒಣ ಲಸಿಕೆ ತಯಾರಿಸಿದ ದೇಶದ ನಾಲ್ಕು ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯದೂ ಒಂದು.

ತಪ್ಪು ಕಲ್ಪನೆ: ಕೊಡುವವರು ನಾವೇ ಆದಾಗ, ಹೊರದೇಶದ ಸಂಸ್ಥೆಗೆ ಕೊಟ್ಟರೂ ತೆರಿಗೆ ರಿಯಾಯಿತಿ ಸಿಗುತ್ತದೆ.

ಸತ್ಯ: ಸಿಗುವುದಿಲ್ಲ. 80-ಜಿ ಎಂದು ರೂಢಿಯಾದ ರಿಯಾಯಿತಿ ಭಾರತದಲ್ಲಿ ಸ್ಥಾಪಿತವಾಗಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕಷ್ಟೇ. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮೂರಿನ ಶಾಲೆಗೆ ನೇರವಾಗಿ ಹಣ ಕಳಿಸಿದರೂ ಅಲ್ಲಿನ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಅಲ್ಲೇ ನೋಂದಾಯಿತವಾದ ದತ್ತಿ ಸಂಸ್ಥೆಯ ಮೂಲಕ ಕಳಿಸಬೇಕು.

ತಪ್ಪು ಕಲ್ಪನೆ: ಅಮೆರಿಕ ನಮಗೆ ಗೋಧಿಯನ್ನೆಲ್ಲ ಪುಕ್ಕಟೆ ಕೊಟ್ಟಿತು.

ಸತ್ಯ: ಅಮೆರಿಕದ ‘ಕೇರ್’ ಸಂಸ್ಥೆ ಶಾಲೆಗಳಿಗೆ ಕೊಟ್ಟ ಉಪ್ಪಿಟ್ಟಿನ ಗೋಧಿ ದಾನದ್ದೇ, ಹೌದು. ಆದರೆ ಪಿಎಲ್-480 ಎಂಬ 1954ರ ಅಮೆರಿಕದ ಕಾನೂನಿನಡಿ ಹಡಗುಗಟ್ಟಲೆ ಬಂದ ಗೋಧಿಯಲ್ಲಿ ಬಹುಪಾಲು ಮಾರಾಟದ್ದು. ಬೆಲೆಯನ್ನು ಭಾರತ ರೂಪಾಯಿಯಲ್ಲೇ ಕೊಟ್ಟಿತು. ಅಮೆರಿಕದ ರೈತರ ಕಣಜದಲ್ಲಿ ಕೊಳೆಯಲಿದ್ದ ಹೆಚ್ಚುವರಿ ಕಾಳು ಕರಗಿತು. ಇಲ್ಲಿ ಲಾಭ ಬೆಂಕಿ ನಂದಿಸಿದ ಬಗೆಯದಲ್ಲ, ವ್ಯಾಪಾರದ್ದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಇಲ್ಲೇ ರಾಶಿಬಿದ್ದ ಆ ರೂಪಾಯಿಗಳ ಒಂದಿಷ್ಟು ಅಂಶದಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ನಾಡಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡದ ಕಥೆ, ಕಾದಂಬರಿಗಳು ಕಡಲು ದಾಟಿದ್ದು ಗೋಧಿಯ ದುಡ್ಡಿನಲ್ಲಿ.