ಕೊಂಡು ತಂದ ನಾಯಿಯೋ, ಬಸ್ ಸ್ಟಾಂಡಿನ ನಾಯಿಯೋ?

ಮಧುಗಿರಿ: ಮನೆಗೊಂದು ನಾಯಿ ಬೇಕು. ಬೆಂಗಳೂರಿಗೆ ಹೋಗಿ ಅಂಗಡಿಯಿಂದ ಕೊಂಡು ತರೋದೋ, ಇಲ್ಲಾ ಬಸ್ ಸ್ಟಾಂಡಿನ ಗೂಡಂಗಡಿ ಹಿಂದೆ ಕುಂಯ್‌ಗುಟ್ಟುವ ಮರಿಯನ್ನೇ ಎತ್ತಿಕೊಂಡು ಬರೋದೋ? ಕೊರಟಗೆರೆಯಿಂದ ಪಾವಗಡದವರೆಗೆ, ಇತ್ತ ಶಿರಾದಲ್ಲೂ ಟೀ ಅಂಗಡಿ ಬೆಂಚಿನ ಈ ಹಳೇ ಚರ್ಚೆಗೆ ಈಗ ಹೊಸ ತೂಕ ಬಂದಿದೆ. ತೂಕ ತಂದದ್ದು ಸುಪ್ರೀಂ ಕೋರ್ಟು.

ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ರೈಲ್ವೆ ನಿಲ್ದಾಣ, ಬಸ್ ನಿಲ್ದಾಣಗಳಲ್ಲಿರುವ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಆಸರೆ ಕೇಂದ್ರಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಕೂಡದು ಎಂದು 2025ರ ನವೆಂಬರ್ 7ರಂದು ನ್ಯಾಯಾಲಯ ಆಜ್ಞೆ ಮಾಡಿತು. ಅದಕ್ಕೆ ಮುಂಚೆ, 2023ರ ನಿಯಮದ ಪ್ರಕಾರ, ಹಿಡಿದ ಜಾಗಕ್ಕೇ ವಾಪಸು ಬಿಡಬೇಕಿತ್ತು.

ಮಾತೇನೋ ಸರಿ. ರಾತ್ರಿ ಕಡೇ ಬಸ್ಸಿಳಿದು ಚೀಲ ಹಿಡಿದು ನಡೆಯುವವನ ಹಿಂದೆ ಆರೆಂಟು ನಾಯಿ ಬಿದ್ದರೆ, ಆಗ ಪ್ರಾಣಿದಯೆಯ ಪಾಠ ಯಾರಿಗೆ ಬೇಕು? ಆದರೆ ಆಸರೆ ಕೇಂದ್ರ ಕಟ್ಟುವವರು ಯಾರು, ದಿನಾ ಅನ್ನ ಹಾಕುವವರು ಯಾರು? ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಅನ್ನುವಂತಾಗಬಾರದು.

ಪೇಟೆ ಮರಿಯ ಮೋಹ

ಕೊಳ್ಳುವವರ ವಾದದಲ್ಲೂ ಹುರುಳಿದೆ. ಜಾತಿ ನಾಯಿಯಾದರೆ ಎಷ್ಟು ಎತ್ತರ ಬೆಳೆಯುತ್ತೆ, ಎಂಥ ಸ್ವಭಾವ ಎಂದು ಮೊದಲೇ ಅಂದಾಜು ಸಿಗುತ್ತೆ. "ದುಡ್ಡು ಸುರಿದಿದ್ದೀವಿ ಸ್ವಾಮಿ, ಅದಕ್ಕೇ ಜೋಪಾನ ಮಾಡ್ತೀವಿ" ಅನ್ನುವವರೂ ಉಂಟು.

ತೊಂದರೆ ಇರುವುದು ನೋಡಿ ಮರುಳಾಗುವುದರಲ್ಲಿ. 2003ರ ಹಚ್ ಫೋನಿನ ಜಾಹೀರಾತು ಬಂದ ಮೇಲೆ ಪಗ್ ತಳಿಗೆ ಜನರ ಬಾಯಲ್ಲಿ 'ಹಚ್ ನಾಯಿ' ಎಂದೇ ಹೆಸರು ನಿಂತಿತು. ಚಪ್ಪಟೆ ಮೂತಿಯ ಆ ಪ್ರಾಣಿಗೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ. ಬಿಸಿಲಿನಿಂದಲೇ 2050 ಮೆಗಾವಾಟ್ ವಿದ್ಯುತ್ ತೆಗೆಯುವ ಪಾವಗಡ ತಾಲ್ಲೂಕಿಗೆ ಅದನ್ನು ತಂದರೆ ಗತಿಯೇನು? 2022ರಲ್ಲಿ '777 ಚಾರ್ಲಿ' ನೋಡಿ ಲ್ಯಾಬ್ರಡಾರ್‌ಗೆ ಹಟ ಹಿಡಿದ ಮಕ್ಕಳಿಗೂ ಒಂದು ಮಾತು: ಲಾಭಕ್ಕಾಗಿ ಮರಿ ಹಾಕಿಸುವವನ ಕೈಯಿಂದ ತಪ್ಪಿಸಿಕೊಂಡ ನಾಯಿಯ ಕಥೆ ಅದು.

ಕೊಳ್ಳಲೇಬೇಕೆಂದರೆ ಕಾನೂನು ಇದೆ. 2017ರ ನಿಯಮದಂತೆ ಮರಿ ಹಾಕಿಸಿ ಮಾರುವವರು, 2018ರ ನಿಯಮದಂತೆ ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನೋಂದಣಿ ಪತ್ರ ಕೇಳಿ, ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಬಿಚ್ಚುವುದು ಜಾಣತನ.

ಬೀದಿ ಮರಿ ಪುಕ್ಕಟೆಯಲ್ಲ

ಶಿರಾ, ಪಾವಗಡ ಸೀಮೆಯ ಕುರಿಗಾಹಿಗಳಿಗೆ ಈ ಚರ್ಚೆಯೇ ಹೊಸದು. ಪಕ್ಕದ ಹಟ್ಟಿಯಲ್ಲಿ ಮರಿ ಹಾಕಿದರೆ ಕೇಳಿ ತರುವುದು ಹಳೇ ರೂಢಿ. ನಾಟಿ ನಾಯಿ ಈ ಬಿಸಿಲಿಗೆ ಒಗ್ಗಿದ್ದು, ಮುದ್ದೆ ಮಜ್ಜಿಗೆಗೆ ಬೆಳೆದದ್ದು.

ಹಾಗಂತ ಅದು ಪುಕ್ಕಟೆಯಲ್ಲ. ಆರರಿಂದ ಎಂಟು ವಾರದೊಳಗೆ ಪಾರ್ವೋ ಲಸಿಕೆ ಶುರುವಾಗಬೇಕು, ಇಲ್ಲದಿದ್ದರೆ ರಕ್ತಭೇದಿಯಾಗಿ ಮರಿ ಕೈಬಿಟ್ಟೀತು. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ವರ್ಷವರ್ಷವೂ. ಸಂತಾನಹರಣ ಮಾಡಿಸದಿದ್ದರೆ ಒಂದು ಹೋಗಿ ಆರಾಗುತ್ತೆ. ಕೊರಟಗೆರೆ, ಮಧುಗಿರಿಯ ಬೆಟ್ಟದಂಚಿನ ಊರುಗಳಲ್ಲಂತೂ ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಬಿಟ್ಟ ನಾಯಿ ಚಿರತೆಗೆ ಸುಲಭದ ತುತ್ತು. ಒಳಗೆ ಜಾಗ ಕೊಡಬೇಕು. ಹನ್ನೆರಡು ವರ್ಷದ ಸಂಸಾರ ಇದು.

ಬೀದಿ ನಾಯಿಯನ್ನು ದತ್ತು ಪಡೆಯುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಹೇಳಿತು. ಈ ಮಾತು ಕೊಂಡು ತಂದವರಿಗೂ ಸಲ್ಲಬೇಕಾದದ್ದೇ. ಮುದಿಯಾಯಿತು, ಕಜ್ಜಿ ಹತ್ತಿತು, ಬಾಡಿಗೆ ಮನೆ ಬದಲಾಯಿತು ಎಂದು ಹೈವೇ ಪಕ್ಕ ಇಳಿಸಿ ಹೋದರೆ, ಸಾವಿರಗಟ್ಟಲೆ ಕೊಟ್ಟು ತಂದ ನಾಯಿಯೂ ಬೀದಿ ನಾಯಿಯೇ.

ಅರ್ಧ ಸಾಕಣೆ

ಅಸಲು ಕೇಡು ಇರುವುದು ಅರ್ಧ ಸಾಕಣೆಯಲ್ಲಿ. ಅಂಗಡಿ ಮುಂದಿನ ನಾಯಿಗೆ ಬಿಸ್ಕತ್ತು ಹಾಕುವವರು ಹತ್ತು ಜನ, ದನದ ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸುವವರು ಯಾರೂ ಇಲ್ಲ. ಅದು ಶಾಲೆ ಮಗುವನ್ನು ಕಚ್ಚಿದ ದಿನ "ನಮ್ಮದಲ್ಲ ಕಣ್ರೀ" ಎಂದು ಹತ್ತೂ ಜನ ಕೈತೊಳೆದುಕೊಂಡಾರು. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಓಡಬೇಕು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ದುರ್ಲಭ.

ಪುರಸಭೆ ಗಾಡಿ ಬಸ್ ಸ್ಟಾಂಡಿಗೆ ಬಂದಾಗ ನಾಯಿ ಹಿಡಿಯುವವರು ಒಂದು ಪ್ರಶ್ನೆ ಕೇಳಿಯಾರು: "ಇದು ಯಾರದು?"

ಕರಿಯ, ರಾಜ ಅಂತ ಹೆಸರಿಟ್ಟವರು ಬೇಕಾದಷ್ಟು ಜನ ಇದ್ದಾರೆ. "ನಮ್ದೇ ಸ್ವಾಮಿ" ಎಂದು ಮುಂದೆ ಬರುವವರು ಎಷ್ಟು ಜನ?