ಜಮೀನಿನ ಎಲ್ಲೆ ಗೊತ್ತು, ನೀರಿನ ಎಲ್ಲೆ?

ಮಾಗಡಿ ಸೀಮೆಯಲ್ಲಿ ನಮ್ಮದು ಮೂರು ಎಕರೆ ಖುಷ್ಕಿ. ರಾಗಿ, ಅವರೆ, ಹುರುಳಿ, ಬದುವಿನಲ್ಲಿ ನಾಲ್ಕು ಮಾವು. ಹೊಲದ ತಗ್ಗಿನ ತುದಿ ಕೆರೆ ಅಂಗಳಕ್ಕೆ ತಾಗಿದೆ. ಕೆರೆ ತುಂಬಿ ಬಹಳ ವರ್ಷ ಆಗಿತ್ತು. ಆ ಧೈರ್ಯದ ಮೇಲೆ ನನ್ನ ತಮ್ಮ ತಗ್ಗಿಗೆ ನಲವತ್ತು ಲೋಡು ಮಣ್ಣು ಹೊಡೆಸಿ ರೇಷ್ಮೆ ಹುಳು ಮನೆ ಕಟ್ಟಿದ. ನಾನೂ ಬೇಡ ಅನ್ನಲಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಮಳೆ ಹಿಡಿಯಿತು. ರಾಮನಗರದ ಹತ್ತಿರ ಹೊಸ ಹೆದ್ದಾರಿಯೇ ಮುಳುಗಿ ವಾಹನಗಳು ನಿಂತದ್ದು ಆಗಲೇ. ನಮ್ಮ ಹುಳು ಮನೆಯೊಳಗೆ ಮೊಣಕಾಲುದ್ದ ನೀರು. ನಾಲ್ಕನೇ ಜ್ವರ ಎದ್ದಿದ್ದ ಹುಳ ಎಲ್ಲಾ ಹೋಯ್ತು, ಸಾಲ ಉಳೀತು.

2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಜಮೀನು ಕೇಳುವವರೂ ಜಾಸ್ತಿಯಾದರು. ಒಬ್ಬರು ಬಂದು ಅದೇ ತಗ್ಗಿನ 30 ಗುಂಟೆ ಬಡಾವಣೆಗೆ ಬೇಕು ಅಂದರು. “ಜೌಗಿದ್ರೆ ಏನಂತೆ, ಮಣ್ಣು ಹೊಡೆದು ಸಮ ಮಾಡ್ಕೋತೀವಿ” ಅಂದರು. ಮಗನಿಗೆ ಮನಸ್ಸಿತ್ತು. ನಾನು ಮಾತ್ರ, ಮೊದಲು ನೀರಿನ ಎಲ್ಲೆ ಎಲ್ಲಿದೆ ನೋಡೋಣ ಅಂದೆ. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೋಡಿ ಮಟ್ಟ ಹಿಡಿಯಿರಿ

ಊರಿನ ಹಳೇ ನೀರಗಂಟಿಯನ್ನು ಕೇಳಿದೆ. “ದೊಡ್ಡಪ್ಪ, ಕೆರೆ ಎಲ್ಲೀವರೆಗೆ?” ಅಂದದ್ದಕ್ಕೆ, “ಲೇ ಮಗ, ಇವತ್ತು ನೀರು ನಿಂತಿರೋದಷ್ಟೇ ಕೆರೆ ಅಲ್ಲ ಕಣೋ. ಕೋಡಿ ಹರಿಯೋ ದಿನ ನೀರು ಎಲ್ಲಿ ಮುಟ್ಟುತ್ತೋ ಅಲ್ಲೀಗಂಟ ಕೆರೆ” ಅಂದರು.

ಅದನ್ನು ಅಳೆಯಲು ಗಾರೆ ಕೆಲಸದವರ ಮಟ್ಟದ ಪೈಪು ಸಾಕು. ಪೈಪಿಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಒಂದು ತುದಿ ಕೋಡಿ ಕಲ್ಲಿನ ಮೇಲಿಟ್ಟು, ಇನ್ನೊಂದು ತುದಿಯಲ್ಲಿ ಅದೇ ಮಟ್ಟ ಬರುವ ಕಡೆ ಗೂಟ ಹೊಡೆಯಿರಿ. ಆ ಗೂಟದಿಂದ ಮುಂದಿನ ಗೂಟ. ಹೀಗೆ ಹೊಲದವರೆಗೆ ಬಂದೆವು. ನಮ್ಮ ಗೂಟದ ಸಾಲು ಹುಳು ಮನೆಯ ಹಿಂದೆ ಹೋಯ್ತು. ಅಂದರೆ ನಾವು ಕಟ್ಟಿದ್ದು ಕೆರೆಯೊಳಗೆ!

ಬತ್ತಿದ ಕೆರೆ ಸತ್ತಿತು ಅಂದುಕೊಳ್ಳಬೇಡಿ. ಚನ್ನಪಟ್ಟಣದ ಕಡೆ ಇಗ್ಗಲೂರು ಅಣೆಯಿಂದ ಶಿಂಷಾ ನೀರು ಎತ್ತಿ ಕೆರೆಗಳಿಗೆ ತುಂಬಿಸಿದ್ದಾರೆ. ಮಳೆ ಬಾರದಿದ್ದರೂ ಕೆರೆಗೆ ನೀರು ಬರಬಹುದು.

ಗಿಡ, ಮಣ್ಣು, ನೀರು

ಕೋಡಿ ಮಟ್ಟಕ್ಕಿಂತ ಮೇಲೂ ಜೌಗು ಇರುತ್ತದೆ. ಅಮೆರಿಕದಲ್ಲಿ ಸೇನೆಯ ಎಂಜಿನಿಯರುಗಳು 1987ರಲ್ಲಿ ಇದಕ್ಕೊಂದು ಕೈಪಿಡಿ ಮಾಡಿದರು. ಅವರು ನೋಡುವುದು ಮೂರನ್ನೇ: ಗಿಡ, ಮಣ್ಣು, ನೀರು. ನಮಗೂ ಅದು ಹೊಂದುತ್ತದೆ.

ಗಿಡ: ಆಪು, ಜೊಂಡು, ಹೊನಗೊನ್ನೆ, ಒಂದೆಲಗ ತಾವಾಗಿ ಬೆಳೆದಿದ್ದರೆ ಅಲ್ಲಿ ತೇವ ನಿಲ್ಲುತ್ತದೆ.

ಮಣ್ಣು: ಒಂದೂವರೆ ಅಡಿ ಗುಂಡಿ ತೆಗೆಯಿರಿ. ಬಹಳ ಕಾಲ ನೀರು ನಿಂತ ಮಣ್ಣಿಗೆ ಗಾಳಿ ಸಿಗದೆ ಕೆಂಪು ಹೋಗಿ ಬೂದಿ ಬಣ್ಣ ಬರುತ್ತದೆ. ಬೇರಿನ ಸುತ್ತ ತುಕ್ಕಿನ ಚುಕ್ಕಿ ಇರುತ್ತದೆ. ಮೇಲೆ ಹೊಡೆಸಿದ ಮಣ್ಣನ್ನು ನೋಡಿ ಮೋಸ ಹೋಗಬೇಡಿ, ಅದರ ಕೆಳಗಿನ ಹಳೇ ಮಣ್ಣಿನವರೆಗೆ ತೋಡಿ.

ನೀರು: ಗುಂಡಿಯಲ್ಲಿ ನೀರು ಒಸರುತ್ತದೋ ನೋಡಿ. ಇದನ್ನು ಯುಗಾದಿ ಬಿಸಿಲಲ್ಲಿ ನೋಡಿ ಪ್ರಯೋಜನವಿಲ್ಲ. ಹಸ್ತ, ಚಿತ್ತೆ ಮಳೆ ಆದ ಮೇಲೆ ನೋಡಬೇಕು.

ಕಾಗದದಲ್ಲಿ ಏನಿದೆ?

ಪಹಣಿಯ 3ನೇ ಕಲಂನಲ್ಲಿ ಖರಾಬು ‘ಅ’ ಮತ್ತು ‘ಬ’ ಅಂತ ಇರುತ್ತದೆ. ‘ಅ’ ಅಂದರೆ ಸಾಗುವಳಿಗೆ ಬಾರದ್ದು. ‘ಬ’ ಅಂದರೆ ದಾರಿ, ಹಳ್ಳ, ಕಾಲುವೆ ಮುಂತಾದ ಸಾರ್ವಜನಿಕರದ್ದು, ಮಾರುವ ಹಕ್ಕು ನಮಗಿಲ್ಲ. ಅದು ಎಲ್ಲಿದೆ ಅಂತ ಪಹಣಿ ಹೇಳುವುದಿಲ್ಲ. ಅದಕ್ಕೆ ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ತೆಗೆಸಿ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಸರ್ವೆ ನಂಬರು ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ. ಗಟ್ಟಿ ಆಗಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳೆಸಲೇಬೇಕು.

ಕಾಯ್ದೆ ಮತ್ತು ಲೆಕ್ಕ

ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆಯಲ್ಲಿ ಕೆರೆ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಅಂತಿತ್ತು. ಕೆರೆಯ ವಿಸ್ತೀರ್ಣ ನೋಡಿ ಈ ಅಳತೆ ಇಳಿಸುವ ತಿದ್ದುಪಡಿ 2025ರಲ್ಲಿ ಸದನಕ್ಕೆ ಬಂತು. ಆದ್ದರಿಂದ ನಿಮ್ಮ ಕೆರೆಗೆ ಈಗ ಯಾವ ಅಳತೆ ಅಂತ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಬೆಂಗಳೂರು ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹಾಕಿದ್ದ 75 ಮೀಟರ್ ನಿಯಮವನ್ನು ಸುಪ್ರೀಂ ಕೋರ್ಟು 2019ರಲ್ಲಿ ತೆಗೆದುಹಾಕಿದೆ. ಇನ್ನೂ ಕೆಲವರು ಅದನ್ನೇ ಹೇಳುತ್ತಾರೆ.

30 ಮೀಟರ್ ಅಂದರೆ ಸುಮಾರು 98 ಅಡಿ. ನಮ್ಮ 33 ಅಡಿ ಸರಪಳಿಯಲ್ಲಿ ಹತ್ತಿರ ಹತ್ತಿರ ಮೂರು ಸರಪಳಿ. ಒಂದು ಸರಪಳಿ ಚೌಕ ಒಂದು ಗುಂಟೆ. ನಮ್ಮ ಹೊಲ ಕೆರೆ ಉದ್ದಕ್ಕೆ ಐದು ಸರಪಳಿ ಇದೆ. ಐದು ಮೂರ್ಲಿ ಹದಿನೈದು. ಅಂದರೆ 30 ಗುಂಟೆಯಲ್ಲಿ ಅರ್ಧ ಜಾಗ ಕಟ್ಟಲು ಬರುವುದಿಲ್ಲ!

ಇನ್ನೊಂದು ಮಾತು. ಕೇಂದ್ರದ 2017ರ ಜೌಗುಭೂಮಿ ನಿಯಮದಲ್ಲಿ ನೀರಾವರಿಗೆಂದೇ ಕಟ್ಟಿದ ಕೆರೆ, ಭತ್ತದ ಗದ್ದೆ ಸೇರುವುದಿಲ್ಲ. “ಇದು ಜೌಗುಭೂಮಿ ಪಟ್ಟಿಯಲ್ಲಿಲ್ಲ” ಅಂತ ಕೊಳ್ಳುವವರು ಹೇಳಿದರೆ ಅದು ನಿಜವೇ ಇರಬಹುದು. ಆದರೆ ರಾಜ್ಯದ ಕೆರೆ ಕಾಯ್ದೆ ಬೇರೆ, ಅದು ಬಿಡುವುದಿಲ್ಲ. ಗದಗ ಜಿಲ್ಲೆಯಲ್ಲೂ ಒಂದು ಮಾಗಡಿ ಇದೆ. ಅಲ್ಲಿನ ಕೆರೆಯನ್ನೂ ನೀರಾವರಿಗೇ ಕಟ್ಟಿದ್ದು. ಹಕ್ಕಿಗಳು ಬರುತ್ತವೆ ಅಂತ 2024ರಲ್ಲಿ ಅದು ರಾಮ್ಸರ್ ಪಟ್ಟಿ ಸೇರಿತು.

ನಮ್ಮ ತಪ್ಪೂ ಇತ್ತು

ಅಳತೆಗೆ ಬಂದ ದಿನ ಇನ್ನೊಂದು ಸಂಗತಿ ಹೊರಬಿತ್ತು. ಹೊಲದ ನಡುವೆ 3 ಗುಂಟೆ ‘ಬ’ ಖರಾಬು, ಮೇಲಿನಿಂದ ಕೆರೆಗೆ ಬರುವ ಹಳೇ ಕಾಲುವೆ. ನಮ್ಮಪ್ಪ ಉತ್ತು ಸಮ ಮಾಡಿದ್ದ, ನಾನು ಅದರಲ್ಲೇ ರಾಗಿ ಬೆಳೆದೆ. ಕೆರೆ ಯಾಕೆ ತುಂಬಲ್ಲ ಅಂತ ಇಷ್ಟು ವರ್ಷ ಆಕಾಶ ನೋಡುತ್ತಿದ್ದವರಲ್ಲಿ ನಾನೂ ಒಬ್ಬ.

ಎರಡು ದಿನ ಜೆಸಿಬಿ ತರಿಸಿ ಕಾಲುವೆ ಬಿಡಿಸಿದೆವು. ಲೆಕ್ಕ ಕೇಳಿದ ಮೇಲೆ ಬಡಾವಣೆಯವರು ಮತ್ತೆ ಬರಲಿಲ್ಲ. ಮಗ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ತಮ್ಮ ಹುಳು ಮನೆ ಶೀಟು ಬಿಚ್ಚಿ ಮೇಲಿನ ಹೊಲಕ್ಕೆ ಸಾಗಿಸಿದ. ತಗ್ಗಿನಲ್ಲಿ ಈಗ ಹಸುವಿಗೆ ಹುಲ್ಲು ಬೆಳೆಯುತ್ತಿದೆ.

ಆ ನಿವೇಶನ ಕೊಂಡು ಯಾರೋ ಬಡವರು ಮನೆ ಕಟ್ಟಿದ್ದರೆ, ಮುಂದಿನ ಮಳೆಗೆ ಅವರ ಪಾತ್ರೆ ತೇಲುತ್ತಿತ್ತು. ಶಾಪ ನಮಗೇ ತಟ್ಟುತ್ತಿತ್ತು.

ಮಾರುವ ಮುಂಚೆ, ಕಟ್ಟುವ ಮುಂಚೆ, ಒಮ್ಮೆ ಕೋಡಿಯಿಂದ ನಿಮ್ಮ ಹೊಲದವರೆಗೆ ಪೈಪು ಹಿಡಿದು ನಡೆಯಿರಿ. ಏನು ಕಂಡಿತು ಅಂತ ಪತ್ರಿಕೆಗೆ ಬರೆಯಿರಿ.