ಒಂದರ ಅವಯವ ಇನ್ನೊಂದಕ್ಕೆ

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಸಾಮಾನುಗಳು ನಿಜವಾಗಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮೂವತ್ತೈದು ವರ್ಷ ಹುಡುಗರಿಗೆ ಅಮರಕೋಶದ ಪರ್ಯಾಯ ಪದಗಳನ್ನು ಬಾಯಿಪಾಠ ಮಾಡಿಸಿ, ಒಂದೊಂದು ಪದದ ಸೂಕ್ಷ್ಮ ಭೇದವನ್ನು ವಿವರಿಸಿದ ನಮಗೆ ಈ ಸಂಗತಿ ತಿಳಿದಿರಬೇಕಾಗಿತ್ತು. ಆದರೆ ಅದನ್ನು ನಮಗೆ ಕಲಿಸಿದ್ದು ಹುಕ್ಕೇರಿಯ ಗುಜರಿಯಲ್ಲಿ ಕೊಂಡ ಒಂದು ಎರಕದ ಪುಲ್ಲಿ.

ಮೂಡಲಗಿಯ ಸಮೀಪದಲ್ಲಿ ನಮಗೆ ಎರಡೆಕರೆ ಕಬ್ಬಿನ ಹೊಲವುಂಟು. ಬೇಸಿಗೆಯ ಉರಿಯಲ್ಲಿ ಪಂಪಿನ ಮೋಟಾರಿನ ಪುಲ್ಲಿ ಸವೆದು ನಿರುಪಯೋಗಿಯಾಯಿತು. ಕಬ್ಬಿನ ಗರಿಗಳು ಸುರುಳಿಗೊಳ್ಳತೊಡಗಿದವು. ಹೀಗಿರಲು ಹುಕ್ಕೇರಿಗೆ ಬೀಗರ ಮನೆಗೆ ಹೋದಾಗ ಗುಜರಿಯಲ್ಲಿ ಆರು ಇಂಚಿನ ಪುಲ್ಲಿಯೊಂದು ದೊರೆಯಿತು. ಮನೆಗೆ ತಂದು ಮೋಟಾರಿನ ಶಾಫ್ಟಿಗೆ ಸೇರಿಸಿದರೆ ಸರಾಗವಾಗಿ ಒಳಸೇರಿತು; ಸ್ವಲ್ಪ ಅಲುಗಾಡುತ್ತಿತ್ತು, ಅಷ್ಟೇ. ಶಾಫ್ಟಿನ ದಪ್ಪ 28 ಮಿಲಿಮೀಟರು. ಪುಲ್ಲಿಯ ರಂಧ್ರವಾದರೋ ಇಂಚಿನ ಲೆಕ್ಕದ್ದು. ಒಂದೂ ಅರೆಕಾಲು ಇಂಚು, ಎಂದರೆ 28.575 ಮಿಲಿಮೀಟರು. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಈ ಅಂತರವನ್ನು ನಾವು ಎಣ್ಣೆಯ ಡಬ್ಬಿಯ ತಗಡಿನ ಪಟ್ಟಿ ಸುತ್ತಿ, ಸುತ್ತಿಗೆಯಿಂದ ಬಡಿದು ತುಂಬಿಸಿದೆವು. ಶಾಫ್ಟು, ಪುಲ್ಲಿಗಳನ್ನು ಬಂಧಿಸುವ, ‘ಚಾವಿ’ ಎನ್ನುವ ಉಕ್ಕಿನ ಬೆಣೆಯನ್ನೂ ನಾವೇ ಅರದಿಂದ ಉಜ್ಜಿ ತೆಳ್ಳಗೆ ಮಾಡಿದೆವು. ನೀರು ಬಂದಿತು. ಮನೆಯವರ ಮುಂದೆ ತುಸು ಜಂಭವನ್ನೂ ಕೊಚ್ಚಿಕೊಂಡೆವು.

ಮೂರನೆಯ ದಿನ ಚಾವಿ ಕತ್ತರಿಸಿಹೋಯಿತು. ಪುಲ್ಲಿ ಓಲಾಡಿ, ನಡುವೆ ಬಿರಿದು, ಅದರ ಅರ್ಧ ತುಂಡು ಪಂಪಿನ ಮನೆಯ ಗೋಡೆಗೆ ಬಡಿದು ಒಂದು ಇಟ್ಟಿಗೆಯನ್ನು ಒಡೆಯಿತು. ಆ ಗೋಡೆಗೆ ಆತುಕೊಂಡು ನಿಂತಿದ್ದ ನಮ್ಮ ಮೊಮ್ಮಗನನ್ನು ಅವನ ಅಜ್ಜಿ ಊಟಕ್ಕೆ ಕರೆದು ಎರಡು ನಿಮಿಷವೂ ಆಗಿರಲಿಲ್ಲ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನಲ್ಲಿ ಆರು ಇಂಚಿನ ಪುಲ್ಲಿಯ ಅಂಚು ಸೆಕೆಂಡಿಗೆ 11 ಮೀಟರಿಗೂ ಮಿಕ್ಕಿ ಓಡುವದೆಂದು ನಾವು ಲೆಕ್ಕ ಹಾಕಿದ್ದು ಆ ರಾತ್ರಿ, ನಿದ್ದೆ ಬಾರದಾಗ.

ಮರುದಿನ ಗೋಕಾಕಕ್ಕೆ ಹೋದೆವು. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಯ ಹಿತ್ತಿಲಲ್ಲಿ ಲೇತ್ ಯಂತ್ರವೊಂದನ್ನು ಇಟ್ಟುಕೊಂಡು ಟರ್ನರಿನ ಉದ್ಯೋಗ ನಡೆಸುತ್ತಾನೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳೆಂದರೆ ಓಡುತ್ತಿದ್ದ ಹುಡುಗ. ಬಿರಿದ ಪುಲ್ಲಿಯನ್ನು ನೋಡಿ ಅವನು ನಗಲಿಲ್ಲ.

“ಮಾಸ್ತರ್ರ, ಇದನ್ನ ಯಾರ ಕೂಡಿಸ್ಯಾರ?”

“ನಾವೇ ಅಪ್ಪಾ.”

“ಬಡದ ಕೂಡಿಸಿದ್ದು ನಿಲ್ಲೂದಿಲ್ಲರೀ. ಅಳದ ಕೂಡಿಸಬೇಕು.”

ತನ್ನಲ್ಲಿದ್ದ ಬೇರೊಂದು ಹಳೆಯ ಪುಲ್ಲಿಯನ್ನು ಅವನು ಲೇತಿಗೆ ಕಟ್ಟಿದನು. ಅದರ ರಂಧ್ರವೂ ಇಂಚಿನದೇ. ಹಾಗಾದರೆ ಶಾಫ್ಟನ್ನೇ ಏಕೆ ತಿದ್ದಬಾರದೆಂದು ಕೇಳಿದೆವು. ಶಾಫ್ಟು ಮೋಟಾರಿನ ಪ್ರಾಣ, ಅದನ್ನು ಕೊರೆದರೆ ಬಲ ಕಡಿಮೆಯಾಗುವದು. ಕೆಟ್ಟರೆ ಅಗ್ಗದ ಸಾಮಾನು ಕೆಡಲಿ ಎಂದನು. ಪುಲ್ಲಿಯ ರಂಧ್ರವನ್ನು 40 ಮಿಲಿಮೀಟರಿಗೆ ಹಿಗ್ಗಿಸಿ, ಒಳಗೆ 28 ಹೊರಗೆ 40 ಇರುವ ಉಕ್ಕಿನ ಬುಶ್ ಒಂದನ್ನು ತಯಾರಿಸಿದನು. ತೆಳುವಾದ ಬುಶ್ಶಿನಲ್ಲಿ ಚಾವಿಯ ಗಾಡಿಗೆ ಇಂಬಿಲ್ಲದ್ದರಿಂದ ಸುತ್ತಲೂ 6 ಮಿಲಿಮೀಟರು ದಪ್ಪ ಬಿಟ್ಟಿದ್ದನು. ಬುಶ್ಶಿನ ಹೊರಮೈಯನ್ನು ಬೇಕೆಂದೇ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ದೊಡ್ಡದಾಗಿಟ್ಟು, ಪುಲ್ಲಿಯನ್ನು ಕಾಯಿಸಿದನು. 40 ಮಿಲಿಮೀಟರಿನ ಎರಕದ ರಂಧ್ರ 150 ಡಿಗ್ರಿಯಷ್ಟು ಬಿಸಿಯೇರಿದರೆ ನೂರರಲ್ಲಿ ಆರು ಭಾಗ ಹಿಗ್ಗುವದು. ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ತಣ್ಣಗಿದ್ದ ಬುಶ್ ಸದ್ದಿಲ್ಲದೆ ಒಳಗಿಳಿಯಿತು. ಪುಲ್ಲಿ ಆರುತ್ತಲೇ ಅದನ್ನು ಕಚ್ಚಿ ಹಿಡಿಯಿತು. ಆ ಮೇಲೆ ಅದು ಒಳಗೇ ತಿರುಗದಂತೆ ಒಂದು ತಿರುಪನ್ನೂ ಇಳಿಸಿದನು.

ಇಂಚು, ಮಿಲಿಮೀಟರುಗಳ ಈ ಸವತಿಮತ್ಸರ ನಮ್ಮ ಸೀಮೆಗೆ ಹೊಸದಲ್ಲ. ಗೋಕಾಕ ಜಲಪಾತದ ನೂಲಿನ ಗಿರಣಿ 1887ರಲ್ಲಿ ಆರಂಭವಾದಾಗಿನ ಯಂತ್ರಗಳು ಇಂಚಿನ ಕಾಲದವು. 1956ರ ಕಾಯಿದೆಯಿಂದ ದೇಶಕ್ಕೆ ಮೆಟ್ರಿಕ್ ಮಾಪನ ಬಂದಿತು. ಹಳೆಯ ಕಬ್ಬಿಣವಾದರೋ ಕಾಯಿದೆಯನ್ನು ಓದಲಿಲ್ಲ. ಇಂಚು ಇಂಚುಗಳಲ್ಲಿಯೂ ಒಮ್ಮತವಿಲ್ಲ. 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ಥನು ಗೊತ್ತುಪಡಿಸಿದ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೇರಿಕೆಯದಕ್ಕೆ 13. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುವದು. ಪಾನಾ ಹಾಕಿ ತಿರುಚುವವನು ತುಕ್ಕು ಹಿಡಿದಿದೆಯೆಂದು ಭ್ರಮಿಸುವನು.

ಪುಲ್ಲಿ ಆರುತ್ತಿದ್ದಾಗ ಹುಕ್ಕೇರಿಯ ಕಡೆಯ ಗೃಹಸ್ಥರೊಬ್ಬರು ಗೋಣಿಯಲ್ಲಿ ಸುತ್ತಿದ ಗಂಟೊಂದನ್ನು ತಂದರು. ಅಜ್ಜನ ಕಾಲದ ಬಂದೂಕಿನ ಕೊಳವೆ, ಬೇರೆಲ್ಲಿಂದಲೋ ತಂದ ಅದರ ಹಿಂಭಾಗ. ತುಸು ಉಜ್ಜಿ ಕೂಡಿಸಿಕೊಡು, ಕಾಡುಹಂದಿ ಕಬ್ಬು ತಿನ್ನುತ್ತಿವೆ ಎಂದರು. ಕಷ್ಟ ನಿಜವಾದದ್ದೇ. ಆದರೆ ನಮ್ಮ ಶಿಷ್ಯನು ಗಂಟನ್ನು ಬಿಚ್ಚಗೊಡಲಿಲ್ಲ. 1959ರ ಶಸ್ತ್ರ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದವನು ಬಂದೂಕನ್ನು ತಯಾರಿಸುವದಿರಲಿ, ದುರಸ್ತಿ ಮಾಡುವದೂ ಅಪರಾಧ. ಗೃಹಸ್ಥರು ಬೇಸರಗೊಂಡು, “ಎಲ್ಲಾ ಬಂದೂಕೂ ಒಂದೇ ಅಲ್ಲೇನ್ರೀ ಮಾಸ್ತರ್ರ?” ಎಂದು ನಮ್ಮನ್ನು ಕೇಳಿದರು.

ಒಂದೇ ಆಗಿರಲೆಂಬುದು ಹಳೆಯ ಆಸೆ. 1785ರಲ್ಲಿ ಫ್ರಾನ್ಸಿನ ಬ್ಲಾಂಕ್ ಎಂಬ ಕುಶಲಿಯು ಬಂದೂಕುಗಳ ಕಿಡಿ ಹಾರಿಸುವ ಭಾಗಗಳನ್ನು ಬಿಚ್ಚಿ, ತುಂಡುಗಳನ್ನು ಬೆರೆಸಿ ಇಟ್ಟಿದ್ದನು. ಅಮೇರಿಕೆಯ ರಾಯಭಾರಿ ಜೆಫರ್ಸನ್ ಕೈಗೆ ಸಿಕ್ಕ ತುಂಡುಗಳಿಂದಲೇ ಕೆಲವನ್ನು ಜೋಡಿಸಿ ಬೆರಗಾದನು. ಇಂದಿನ ಪುಲ್ಲಿ, ಬೇರಿಂಗುಗಳ ಸಮಾನತೆಯ ಮೂಲ ಆ ಬಂದೂಕಿನ ಶಾಲೆಯಲ್ಲಿಯೇ ಇರುವದು. ಆದರೂ ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹಿಡಿದ .303 ರೈಫಲ್ಲಿನ ಬೋಲ್ಟಿಗೂ ಮೈಗೂ ಒಂದೇ ಸಂಖ್ಯೆ ಕೊರೆದಿರುತ್ತಿತ್ತು. ಒಂದರದನ್ನು ಇನ್ನೊಂದಕ್ಕೆ ಹಾಕುವಂತಿರಲಿಲ್ಲ. ತೋಟಾ ಸಿಡಿದಾಗ ಚದುರ ಇಂಚಿಗೆ 18 ಟನ್ನಿಗೂ ಮಿಕ್ಕಿದ ಒತ್ತಡ ಹುಟ್ಟುವದು. ಅದನ್ನು ತಡೆಯುವ ಬೋಲ್ಟು ಇರುವದು ಗುರಿಯಿಡುವವನ ಮೋರೆಯ ಎದುರಿಗೇ. 1960ರ ದಶಕದಲ್ಲಿ ಇಶಾಪುರದ ಸರಕಾರಿ ಕಾರ್ಖಾನೆಯು ಇದೇ ರೈಫಲ್ಲನ್ನು 7.62 ಮಿಲಿಮೀಟರಿನ ತೋಟಾಕ್ಕೆ ಹೊಂದಿಸುವಾಗ ಮೈಯ ಉಕ್ಕನ್ನೇ ಬದಲಿಸಿ ಗಟ್ಟಿಗೊಳಿಸಿತು.

ಇಷ್ಟನ್ನು ಹೇಳಿ, ನಮ್ಮ ಪುಲ್ಲಿಯ ಕಥೆಯನ್ನೂ, ಗೋಡೆಗೆ ಆತುಕೊಂಡಿದ್ದ ಹುಡುಗನ ವಿಷಯವನ್ನೂ ಹೇಳಿದೆವು. ಗೃಹಸ್ಥರು ಬಹಳ ಹೊತ್ತು ಸುಮ್ಮನಿದ್ದರು. ಬಂದೂಕಿನ ಪರವಾನಿಗೆಯ ಕಾಗದ ಮನೆಯಲ್ಲಿ ಎಲ್ಲಿದೆಯೋ ನೋಡಬೇಕೆಂದು ಹೇಳಿ ಗಂಟನ್ನೆತ್ತಿಕೊಂಡು ಹೋದರು.

ಆ ರಾತ್ರಿ ವಿದ್ಯುತ್ತು ಬಂದದ್ದು ಹನ್ನೊಂದಕ್ಕೆ. ಮೊಮ್ಮಗನನ್ನು ಹೊರಗೆ ಬದುವಿನ ಮೇಲೆ ಕೂಡ್ರಿಸಿ ಮೋಟಾರು ಹಚ್ಚಿದೆವು. ಪುಲ್ಲಿ ಅಲುಗಲಿಲ್ಲ. ನೀರು ಬಂದಿತೆಂದು ಅವನೇ ಕೂಗಿ ಹೇಳಿದನು.